ಟ್ಯೂಬಿನಲ್ಲಿ ಹೋಗುವ ರಕ್ತಕ್ಕೂ ಲೆಕ್ಕ ಬೇಕು

ಬೆಳಗಿನ ಆರು ಗಂಟೆಗೆ ವಾರ್ಡಿನಲ್ಲಿ ಲೈಟು ಹತ್ತಿಕೊಳ್ಳುತ್ತದೆ. ತೋಳಿಗೆ ರಬ್ಬರ್ ಪಟ್ಟಿ ಬಿಗಿದ ಸಿಸ್ಟರ್, ತಿಳಿನೀಲಿ ಮುಚ್ಚಳದ ಟ್ಯೂಬು ತುಂಬಿಸಿ ಕೆಂಪು ಮುಚ್ಚಳದ್ದನ್ನು ಸಿಕ್ಕಿಸುತ್ತಾರೆ, ಆಮೇಲೆ ನೇರಳೆಯದ್ದು. "ನಿನ್ನೆ ತಾನೇ ತಗೊಂಡ್ರಲ್ಲ ಸಿಸ್ಟರ್?" ಎಂದರೆ "ಡಾಕ್ಟ್ರು ಬರೆದವ್ರೆ ಕಣಮ್ಮ" ಎಂಬ ಉತ್ತರ. ಹತ್ತಿ ಒತ್ತಿ ಕೈ ಮಡಚಿದರೆ ಆ ದಿನದ್ದು ಮುಗಿಯಿತು. ಎಷ್ಟು ರಕ್ತ ಹೋಯಿತೆಂದು ಯಾರೂ ಬರೆದಿಡುವುದಿಲ್ಲ.

ಬರೆದಿಡಬೇಕು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಕೋಲಾರ ಜಿಲ್ಲೆಯ ಮಾಲೂರಿನ ಇಟ್ಟಿಗೆ ಗೂಡಿನಲ್ಲೋ ಹೂವಿನ ತೋಟದಲ್ಲೋ ದುಡಿಯುವ ಹೆಣ್ಣುಮಗಳು ಆಸ್ಪತ್ರೆ ಸೇರುವಾಗಲೇ 'ರಕ್ತ ಕಮ್ಮಿ' ಇರುವ ಸಾಧ್ಯತೆ ಹೆಚ್ಚು.

ಟೊರಾಂಟೊದ ವೈದ್ಯರು 404 ಒಳರೋಗಿಗಳ ದಾಖಲೆ ಪರಿಶೀಲಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ಲೆಕ್ಕದಂತೆ ಪರೀಕ್ಷೆಗೆಂದು 100 ಮಿ.ಲೀ. ರಕ್ತ ತೆಗೆದರೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ ಸುಮಾರು 0.7 ಗ್ರಾಂ ಇಳಿಯುತ್ತದೆ. 42 ಕೆ.ಜಿ. ತೂಕದ, 9 ಗ್ರಾಂ ಹಿಮೋಗ್ಲೋಬಿನ್ ಇರುವ ಹೆಂಗಸಿನಿಂದ ದಿನಕ್ಕೆ 15 ಮಿ.ಲೀ.ನಂತೆ ಹತ್ತು ದಿನ ತೆಗೆದರೆ ಈ ಲೆಕ್ಕದಂತೆ ಆಕೆ ಸುಮಾರು 8ಕ್ಕೆ ಬರುತ್ತಾಳೆ. ಆ ರಕ್ತದ ಜೊತೆ ಹೋಗುವ ಕಬ್ಬಿಣ ಸುಮಾರು 45 ಮಿಲಿಗ್ರಾಂ. ಊಟದಿಂದ ಮೈಗೆ ಹತ್ತುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ.

ಐಸಿಯುನಲ್ಲಿ ತೆಗೆಯುವ ರಕ್ತ ಇನ್ನೂ ಜಾಸ್ತಿ. ಯುರೋಪಿನ 146 ಐಸಿಯುಗಳಲ್ಲಿ ಒಬ್ಬ ರೋಗಿಯಿಂದ ದಿನಕ್ಕೆ ಸರಾಸರಿ 41 ಮಿ.ಲೀ. ತೆಗೆಯುತ್ತಿದ್ದರೆಂದು 2002ರ ಅಧ್ಯಯನ ತೋರಿಸಿತು. ಹೆಂಗಸಿನ ಒಂದು ತಿಂಗಳ ಮುಟ್ಟಿನಲ್ಲಿ ಹೋಗುವಷ್ಟು ರಕ್ತ ಒಂದೇ ದಿನದಲ್ಲಿ. ಒಂದು ಕೆ.ಜಿ. ತೂಕದ ಅವಧಿಪೂರ್ವ ಕೂಸಿನ ಮೈಯಲ್ಲಿರುವ ಒಟ್ಟು ರಕ್ತವೇ 100 ಮಿ.ಲೀ. ಮೀರದು. ಅದಕ್ಕೆ ಒಂದೊಂದು ಹನಿಯೂ ದುಬಾರಿ.

ಪರೀಕ್ಷೆಯೇ ಬೇಡವೆಂದಲ್ಲ. ಡೆಂಗಿ ಬಂದವರಿಗೆ ಪ್ಲೇಟ್‌ಲೆಟ್ ನೋಡದೆ ಚಿಕಿತ್ಸೆ ಮಾಡಲಾಗದು. ಆದರೆ ರಕ್ತಕಣ ಎಣಿಸುವ ಸಿಬಿಸಿ ಯಂತ್ರಕ್ಕೆ ಬೇಕಾದದ್ದು ಕಾಲು ಮಿ.ಲೀ.ಗಿಂತ ಕಡಿಮೆ, ಟ್ಯೂಬಿಗೆ ತುಂಬುವುದು ಎರಡರಿಂದ ನಾಲ್ಕು. ಉಳಿದದ್ದು ಕಸಕ್ಕೆ. ಕೆನಡಾದ 25 ಐಸಿಯುಗಳು ಸಣ್ಣ ಟ್ಯೂಬಿಗೆ ಬದಲಾದಾಗ ಸ್ಯಾಂಪಲ್ ಸಾಲದೆ ಹೋದದ್ದು ತೀರಾ ಅಪರೂಪ. 2023ರಲ್ಲಿ ಪ್ರಕಟವಾದ ಆ ಅಧ್ಯಯನದ ಮುಖ್ಯ ಲೆಕ್ಕದಲ್ಲಿ, ರೋಗಿಗಳಿಗೆ ಕೊಡಬೇಕಾಗಿ ಬಂದ ರಕ್ತದ ಪ್ರಮಾಣದಲ್ಲಿ ವ್ಯತ್ಯಾಸ ಖಚಿತವಾಗಲಿಲ್ಲ. ಹೆಚ್ಚು ರೋಗಿಗಳನ್ನು ಸೇರಿಸಿಕೊಂಡ ಲೆಕ್ಕದಲ್ಲಿ 100 ಮಂದಿಗೆ ಸುಮಾರು 10 ಯೂನಿಟ್ ರಕ್ತ ಉಳಿಯಿತು. ರಕ್ತನಿಧಿಯ ಮುಂದೆ ದಾನಿಗಳಿಗಾಗಿ ಅಲೆದವರಿಗೆ 10 ಯೂನಿಟ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಮಾಲೂರಿನ ರೋಗಿಗೆ ಮತ್ತೊಂದು ಹೊರೆಯಿದೆ: ರೆಫರಲ್. ತಾಲ್ಲೂಕು ಕೇಂದ್ರದಿಂದ ಕೋಲಾರಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋದರೆ ಅದೇ ಸಕ್ಕರೆ, ಅದೇ ಕ್ರಿಯಾಟಿನಿನ್, ಅದೇ ಸಿಬಿಸಿ ಮತ್ತೆ ಮೊದಲಿಂದ ಶುರುವಾಗಬಹುದು. ಹಿಂದಿನ ದಿನದ ರಿಪೋರ್ಟು ಪ್ಲಾಸ್ಟಿಕ್ ಕವರಿನಲ್ಲೇ ಇರುತ್ತದೆ. ಸ್ಥಿತಿ ಬದಲಾಗದಿದ್ದರೆ ಅದನ್ನೇ ಒಪ್ಪಿಕೊಳ್ಳಲು ದುಬಾರಿ ಯಂತ್ರವೇನೂ ಬೇಡ. 'ದಿನಾ ಸಿಬಿಸಿ' ಎಂದು ಒಮ್ಮೆ ಬರೆದು ಬಿಡುವ ಬದಲು, ರೌಂಡ್ಸ್‌ನಲ್ಲಿ 'ಇವತ್ತು ಇದು ಬೇಕೇ?' ಎಂದು ಕೇಳಿಕೊಂಡು ಬರೆಯುವುದಕ್ಕೂ ಖರ್ಚಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಸೇರಿದ ದಿನದ ಹಿಮೋಗ್ಲೋಬಿನ್ ಮತ್ತು ಕೊನೆಯ ಬಾರಿ ನೋಡಿದ್ದು ಎರಡನ್ನೂ ಪಕ್ಕಪಕ್ಕ ಬರೆದರೆ, ಕಬ್ಬಿಣಾಂಶದ ಮಾತ್ರೆ ಯಾರ ಮನೆಗೆ ಮೊದಲು ಮುಟ್ಟಬೇಕೆಂದು ಊರಿನ ಆಶಾ ಕಾರ್ಯಕರ್ತೆಗೆ ತಿಳಿಯುತ್ತದೆ.