ಡಿಕ್ಕಿಯ ಅಡಿಯ ಐಬು

ಶಾರ್ಜಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಮೈಂದರ್ಗಿಯವರೊಬ್ಬರು ಇದ್ದಾರೆ. ಪಾಸ್‌ಪೋರ್ಟಿನಲ್ಲಿ ಮಹಾರಾಷ್ಟ್ರ, ಸೋಲಾಪುರ ಜಿಲ್ಲೆ, ಅಕ್ಕಲಕೋಟ ತಾಲೂಕು. ಬಾಯಿ ತೆರೆದರೆ ಅಚ್ಚ ಕನ್ನಡ. ನನ್ನ ಹಳೆಯ ಲೆಕ್ಸಸ್ ಸಿಟಿ 200ಎಚ್ ಮಾರುವ ಸುದ್ದಿ ತಿಳಿದದ್ದೇ ಬಂದು ಕೇಳಿದರು: "ಭಾಯಿ, ಈ ಗಾಡಿ ಊರಿಗೆ ಒಯ್ಲಾಕ ಬರ್ತದೇನ್ರಿ?"

ಬರುವುದಿಲ್ಲ. ನಮ್ಮಲ್ಲೂ ಎಷ್ಟೋ ಮಂದಿಗೆ ಈ ಆಸೆ ಇರುವುದರಿಂದ ಹೇಳುತ್ತೇನೆ. ತಯಾರಾಗಿ 3 ವರ್ಷ ದಾಟಿದ ಹಳೆ ಕಾರನ್ನು ಭಾರತಕ್ಕೆ ತರುವಂತಿಲ್ಲ, ಸ್ಟೇರಿಂಗ್ ಬಲಗಡೆಯೇ ಇರಬೇಕು. ಗಲ್ಫಿನ ಗಾಡಿಯ ಸ್ಟೇರಿಂಗ್ ಎಡಗಡೆ. ಲೆಕ್ಸಸ್ ಕಂಪೆನಿ 2017ರಲ್ಲಿ ಭಾರತಕ್ಕೆ ಬಂದಾಗಲೂ ಈ ಪುಟ್ಟ ಹ್ಯಾಚ್‌ಬ್ಯಾಕನ್ನು ತರಲಿಲ್ಲ. ಮಂಗಳೂರಿಗೂ ಇಲ್ಲ, ಮೈಂದರ್ಗಿಗೂ ಇಲ್ಲ.

"ಹಂಗಾರ ಇಲ್ಲೇ ಓಡಸ್ತೀನಿ. ಗಾಡ್ಯಾಗ ಐಬು ಏನೈತಿ, ಅದನ್ನ ಹೇಳ್ರಿ" ಎಂದರು. ನಾನು ತಕ್ಷಣ ಉತ್ತರ ಕೊಡಲಿಲ್ಲ.

ನಾನು ಆ ಕಾರು ಕೊಂಡದ್ದು ನಗದು ಕೊಟ್ಟು. ಹೊಸ ಗಾಡಿಯಾದರೆ ಸಾಲ, ಬಡ್ಡಿ. ಊರಿನಿಂದ ಉಮ್ಮ ಫೋನಿನಲ್ಲೇ ಬೇಡ ಎಂದರು. ಲೆಕ್ಸಸ್ ಎಂಬ ಹೆಸರಿನ ಮೇಲೆ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಲೆಕ್ಕವೂ ಸರಿಯಿತ್ತು. ಅಮೆರಿಕದ ಸರ್ಕಾರಿ ಪರೀಕ್ಷೆಯಲ್ಲಿ ಇದು ಗ್ಯಾಲನ್‌ಗೆ 42 ಮೈಲಿ, ಅಂದರೆ ಲೀಟರಿಗೆ ಸುಮಾರು 18 ಕಿಲೋಮೀಟರ್ ಕೊಟ್ಟಿದೆ. ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿ ಬ್ಯಾಟರಿಗೆ ಸೇರುತ್ತದೆ, ನಿಧಾನಕ್ಕೆ ಸಾಗುವಾಗ ಮೋಟಾರು ಅದರಿಂದ ಓಡುತ್ತದೆ. ಶಾರ್ಜಾ–ದುಬೈ ನಡುವಿನ ಬೆಳಗಿನ ಟ್ರಾಫಿಕ್ಕಿಗೆ ಹೇಳಿ ಮಾಡಿಸಿದ ಗಾಡಿ. ಬ್ರೇಕ್ ಪ್ಯಾಡು ಬೇಗ ಸವೆಯುವುದಿಲ್ಲ. ಪ್ರತ್ಯೇಕ ಸ್ಟಾರ್ಟರ್ ಮೋಟಾರು, ಆಲ್ಟರ್ನೇಟರ್ ಇಲ್ಲ. ಕೆಡಲು ಅಷ್ಟು ಸಾಮಾನು ಕಡಿಮೆ.

ಇರುವ ದೊಡ್ಡ ಖರ್ಚು ಒಂದೇ, ಅದು ಕಣ್ಣಿಗೆ ಕಾಣುವುದಿಲ್ಲ. ಡಿಕ್ಕಿಯ ಅಡಿಯಲ್ಲಿ 168 ಸೆಲ್‌ಗಳ, ಸುಮಾರು 200 ವೋಲ್ಟಿನ ನಿಕಲ್ ಬ್ಯಾಟರಿ ಕೂತಿದೆ. ಅದನ್ನು ತಂಪಾಗಿಡುವುದು ಕಾರಿನ ಒಳಗಿನ ಎಸಿ ಗಾಳಿಯೇ. ಆ ಗಾಳಿ ಎಳೆದುಕೊಳ್ಳುವ ಕಿಂಡಿ ಹಿಂದಿನ ಸೀಟಿನ ಬದಿಯಲ್ಲಿದೆ. ನಾವು ಏನು ಮಾಡಿದೆವು? ಮಕ್ಕಳ ಶಾಲೆ ಬ್ಯಾಗು, ಮುಸಲ್ಲಾ, ಸೂಪರ್ ಮಾರ್ಕೆಟಿನ ಚೀಲ, ಎಲ್ಲ ಅದಕ್ಕೇ ಒತ್ತಿ ಇಟ್ಟೆವು. ಕಿಂಡಿಯ ಒಳಗೆ ಮರುಭೂಮಿಯ ಧೂಳು ಕಂಬಳಿಯಂತೆ ಕಟ್ಟಿತ್ತು. ಜುಲೈ ತಿಂಗಳ ಬಿಸಿಯಲ್ಲಿ ಬ್ಯಾಟರಿ ಬೆಂದದ್ದು ಕಾರಿನ ತಪ್ಪಲ್ಲ, ನಮ್ಮದು. ಸ್ಕ್ಯಾನರ್ ಹಾಕಿ ನೋಡಿದಾಗ ಎರಡು ಕಡೆ ವೋಲ್ಟೇಜು ಉಳಿದವುಗಳಿಗಿಂತ ಬೇಗ ಇಳಿಯುತ್ತಿತ್ತು.

ಒಬ್ಬ ಬ್ರೋಕರ್, ನಮ್ಮವನೇ, ಉಪಾಯ ಹೇಳಿದ: ಸೊರಗಿದ ಎರಡು ತುಂಡು ಮಾತ್ರ ಬದಲಿಸಿ ಕೋಡು ಅಳಿಸಿದರೆ ಮೀಟರಿನಲ್ಲಿ ದೀಪ ಹತ್ತುವುದಿಲ್ಲ, ಕೆಲವು ತಿಂಗಳು ಹೇಗೂ ಓಡುತ್ತದೆ, ಅಷ್ಟರಲ್ಲಿ ಗಾಡಿ ನಿನ್ನದಲ್ಲ. ಒಂದು ಬ್ಯಾಟರಿಗೆ ಹಳೆಯ ಹಾಗೂ ಹೊಸ ತುಂಡು ಸೇರಿಸಿದರೆ ಹಳೆಯವು ಒಂದರ ಹಿಂದೆ ಒಂದು ಕೈಕೊಡುತ್ತವೆ ಎಂದು ಅವನಿಗೂ ಗೊತ್ತು.

ನನ್ನ ದೂರು ಇದೇ. ಬಡ್ಡಿಯ ವಿಷಯದಲ್ಲಿ ನಾವು ಎಚ್ಚರ. ಬಡ್ಡಿ ಮುಟ್ಟದೆ ಗಾಡಿ ಕೊಂಡೆ ಎಂದು ಪಳ್ಳಿಯ ಅಂಗಳದಲ್ಲಿ ನಾನೇ ಹೇಳಿಕೊಂಡಿದ್ದೇನೆ. ಮಾರುವಾಗ ಮಾತ್ರ "ನೋಡಿ ತಗೊಳ್ಳುವುದು ಅವನ ಜವಾಬ್ದಾರಿ" ಎನ್ನುತ್ತೇವೆ. ಧಾನ್ಯದ ರಾಶಿಗೆ ಪ್ರವಾದಿಯವರು (ಸ) ಕೈ ಹಾಕಿ ಒಳಗಿನ ಒದ್ದೆ ಕಂಡದ್ದನ್ನು, ಅದನ್ನು ಜನರಿಗೆ ಕಾಣುವ ಹಾಗೆ ಮೇಲೆ ಇಡಬಾರದಿತ್ತೇ ಎಂದು ವ್ಯಾಪಾರಿಯನ್ನು ಕೇಳಿದ್ದನ್ನು ಮದರಸದಲ್ಲಿ ನಾವೆಲ್ಲ ಕೇಳಿದವರೇ. ಮಳೆಗೆ ನೆನೆಯಿತು ಎಂದು ಆ ವ್ಯಾಪಾರಿ ಹೇಳಿದ್ದ. ನೆನೆದದ್ದು ತಪ್ಪಾಗಿರಲಿಲ್ಲ, ಮುಚ್ಚಿದ್ದು ತಪ್ಪಾಗಿತ್ತು. ಹೈಬ್ರಿಡ್ ಗಾಡಿಯಲ್ಲಂತೂ ರಾಶಿಗೆ ಕೈ ಹಾಕಲೂ ಸಾಮಾನ್ಯನಿಗೆ ಆಗದು, ಸ್ಕ್ಯಾನರ್ ಬೇಕು. ಹಾಗಾಗಿ ಹೇಳುವ ಹೊಣೆ ಮಾರುವವನದೇ ಎಂಬುದು ನನ್ನ ಅಭಿಪ್ರಾಯ. ಕೊಳ್ಳುವವರು ಕೂಡ ಬಣ್ಣ, ಸೀಟಿನ ಚರ್ಮ ನೋಡುವ ಮೊದಲು ಬ್ಯಾಟರಿಯ ರಿಪೋರ್ಟು ಕೇಳಲಿ, ಆ ಕಿಂಡಿಗೆ ಟಾರ್ಚ್ ಹಿಡಿಯಲಿ. ಹೊಸ ಬ್ಯಾಟರಿಯ ದುಡ್ಡನ್ನು ಬೇರೆ ಇಟ್ಟುಕೊಂಡೇ ಹೊರಡಲಿ. ಅದಿಲ್ಲದಿದ್ದರೆ ಸಾದಾ ಪೆಟ್ರೋಲ್ ಕಾರು ವಾಸಿ.

ಮೈಂದರ್ಗಿಯವರಿಗೆ ಮರುದಿನ ಸ್ಕ್ಯಾನಿನ ಕಾಗದ ಕೊಟ್ಟೆ. ಓದಿದರು, ಎರಡು ದಿನ ಬರಲಿಲ್ಲ. ಹೋಯಿತು ಗಿರಾಕಿ ಅಂದುಕೊಂಡೆ, ಸ್ವಲ್ಪ ಪಶ್ಚಾತ್ತಾಪವೂ ಆಯಿತು. ಮೂರನೆಯ ದಿನ ಬಂದರು. ಹೊಸ ಬ್ಯಾಟರಿಯ ಖರ್ಚಿನ ಅರ್ಧ ಬೆಲೆಯಲ್ಲಿ ಕಳೆದೆ, ಅರ್ಧ ಅವರು ಹೊತ್ತರು. ಕಾಗದ ಗ್ಲೋವ್ ಬಾಕ್ಸಿನಲ್ಲೇ ಇದೆ. ಅವರ ಮಕ್ಕಳ ಬ್ಯಾಗು ಈಗ ಡಿಕ್ಕಿಗೆ ಹೋಗುತ್ತದೆ.