ಅಪಾಯವೆಂಬ ಒಂದು ಮಾತು

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ರಕ್ತಪರೀಕ್ಷೆಯ ವರದಿಯನ್ನು ಹಿಡಿದು ಮನೆಗೆ ಬಂದಳು. ಆಗ ಆಕೆಗೆ ಮೂರು ತಿಂಗಳು ತುಂಬಿತ್ತು. “ಸರ್, ಇದರಲ್ಲಿ ಹೈ ರಿಸ್ಕ್ ಎಂದಿದೆ. ಅಪಾಯ ಅಂತ ಅರ್ಥವಂತೆ. ಅಪಾಯ ಯಾರಿಗೆ ಸರ್, ನನಗೋ ಮಗುವಿಗೋ?”

ನಾನು ವೈದ್ಯನಲ್ಲ. ಆದರೆ ಶಬ್ದದ ಅರ್ಥವನ್ನು ಕೇಳಿದಾಗ ಸುಮ್ಮನಿರುವುದು ನನ್ನ ವೃತ್ತಿಗೆ ಸಲ್ಲದು. ವರದಿಯಲ್ಲಿದ್ದ ಅಂಕಿ 1:180. ಅಂಥ 180 ಮಂದಿ ಗರ್ಭಿಣಿಯರಲ್ಲಿ ಒಬ್ಬಳ ಮಗುವಿಗೆ ಡೌನ್ ಸಿಂಡ್ರೋಮ್ ಇದ್ದೀತು, ಉಳಿದ 179 ಮಂದಿಯ ಮಕ್ಕಳಿಗೆ ಇರಲಾರದು ಎಂಬಷ್ಟೇ ಅದರ ತಾತ್ಪರ್ಯ. ಗಣಿತಜ್ಞನ ‘ಸಂಭವ’ ಆಸ್ಪತ್ರೆಯ ಮೆಟ್ಟಿಲಿಳಿದು ಮನೆಗೆ ಬರುವಷ್ಟರಲ್ಲಿ ‘ಅಪಾಯ’ವಾಗಿ ಹೋಗಿತ್ತು.

21ನೆಯ ವರ್ಣತಂತು ಎರಡಿರುವಲ್ಲಿ ಮೂರಿರುವುದೇ ಈ ಸ್ಥಿತಿಗೆ ಕಾರಣವೆಂದು 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜ್ಯೂನ್ ಮತ್ತು ಸಂಗಡಿಗರು ಪ್ರಕಟಿಸಿದರು. ತಾಯಿಯ ರಕ್ತದಲ್ಲಿ ಶಿಶುವಿನ ಡಿಎನ್‌ಎ ಇರುವುದನ್ನು 1997ರಲ್ಲಿ ಡೆನ್ನಿಸ್ ಲೋ ಮತ್ತು ಸಹೋದ್ಯೋಗಿಗಳು ತೋರಿಸಿದ ಮೇಲೆ ರಕ್ತಪರೀಕ್ಷೆ ಬಹಳ ಸೂಕ್ಷ್ಮವಾಯಿತು. ಆದರೂ ರಕ್ತವು ಕೊಡುವುದು ಸೂಚನೆಯನ್ನೇ ಹೊರತು ನಿರ್ಣಯವನ್ನಲ್ಲ. ನಿರ್ಣಯಕ್ಕೆ ಮಾಸಿನ ತುಣುಕನ್ನೋ ಗರ್ಭಜಲವನ್ನೋ ತೆಗೆದು ನೋಡಬೇಕು.

ನಮ್ಮ ಶಾಸನಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಓದಿದರೆ ಮನಸ್ಸು ತೊಡಕಿಗೆ ಬೀಳುತ್ತದೆ. ಹೆಣ್ಣೆಂಬ ಕಾರಣಕ್ಕೆ ಭ್ರೂಣವನ್ನು ಆರಿಸಿ ತೆಗೆಯುವುದನ್ನು ತಡೆಯಲು ಬಂದ 1994ರ ಕಾಯಿದೆಯೇ ವರ್ಣತಂತುಗಳ ದೋಷವನ್ನು ಹುಡುಕುವ ಪರೀಕ್ಷೆಗೆ ಅನುಮತಿ ಕೊಡುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿ, ಘನತೆಯಿಂದ ಬಾಳುವ ಹಕ್ಕು ಅವರಿಗೂ ಉಂಟೆಂದು ಸಾರುತ್ತದೆ. 2021ರಲ್ಲಿ ತಿದ್ದುಪಡಿಯಾದ ಗರ್ಭಪಾತದ ಕಾಯಿದೆಯ ಪ್ರಕಾರ, ಶಿಶುವಿನಲ್ಲಿ ಗಣನೀಯ ವೈಕಲ್ಯವಿದೆಯೆಂದು ವೈದ್ಯಮಂಡಳಿ ಹೇಳಿದರೆ 24 ವಾರಗಳ ಮಿತಿಯೂ ಅನ್ವಯಿಸದು. ‘ಗಣನೀಯ’ವೆಂದರೆ ಎಷ್ಟು? ಕಾಯಿದೆ ಅದನ್ನು ವಿವರಿಸುವುದಿಲ್ಲ. ಟೇ-ಸ್ಯಾಕ್ಸ್ ರೋಗದ ಕೂಸು ಹೆಚ್ಚಾಗಿ ಐದು ವರ್ಷ ತುಂಬುವ ಮೊದಲೇ ನರಳಿ ಸಾಯುತ್ತದೆ. ಡೌನ್ ಸಿಂಡ್ರೋಮ್ ಉಳ್ಳವರ ಸರಾಸರಿ ಆಯುಸ್ಸು ಅಮೆರಿಕದಲ್ಲಿ 1983ರಲ್ಲಿ ಸುಮಾರು 25 ವರ್ಷವಿದ್ದದ್ದು ಈಗ 60ರ ಆಸುಪಾಸಿಗೆ ಬಂದಿದೆ. ಎರಡನ್ನೂ ಒಂದೇ ಶಬ್ದದಿಂದ ಕರೆಯುವುದು ನ್ಯಾಯವೆ?

ಇಂಥ ಚರ್ಚೆ ಎದ್ದಾಗ ಗದುಗಿನ ಪುಟ್ಟರಾಜ ಗವಾಯಿಗಳನ್ನು ಉದಾಹರಿಸುವವರುಂಟು. ಅವರು ದೃಷ್ಟಿ ಕಳೆದುಕೊಂಡದ್ದು ಹುಟ್ಟಿದ ಮೇಲೆ ಎಂಬುದು ಹಾಗಿರಲಿ. ಈ ವಾದವೇ ನನಗೆ ಒಪ್ಪಿಗೆಯಿಲ್ಲ. ಹುಟ್ಟುವ ಯೋಗ್ಯತೆಗೆ ಪ್ರತಿಭೆಯ ಪ್ರಮಾಣಪತ್ರವನ್ನು ನಾವು ಬೇರೆ ಯಾವ ಮಗುವಿನಿಂದ ಕೇಳಿದ್ದೇವೆ?

ಹಾಗೆಂದು ಹೆಣ್ಣಿನ ನಿರ್ಧಾರವನ್ನು ಕಸಿದುಕೊಳ್ಳಬೇಕೆನ್ನುವವನೂ ನಾನಲ್ಲ. ಇರುಳಿಡೀ ಎಚ್ಚರವಿರುವವಳು ಆಕೆ. ಉಪದೇಶ ಮಾಡಿದವರು ಆ ಹೊತ್ತಿಗೆ ಮಲಗಿರುತ್ತಾರೆ. ನನ್ನ ತಕರಾರು ಇಷ್ಟೇ: ಆಕೆಗೆ ಅಂಕಿಯನ್ನು ಕೊಟ್ಟರು, ಆ ಅಂಕಿಯ ಹಿಂದಿನ ಬಾಳನ್ನು ಕುರಿತು ಒಂದು ಮಾತನ್ನೂ ಹೇಳಲಿಲ್ಲ. ಅರ್ಧ ಪುಟವನ್ನು ಓದಿಸಿ ಉತ್ತರ ಬರೆಯೆಂದರೆ ಅದು ಎಂಥ ಪರೀಕ್ಷೆ?

“ನೋಡಮ್ಮ, ನನ್ನಿಂದ ತಿಳಿಯುವುದಕ್ಕಿಂತ ಕಂಡು ತಿಳಿಯುವುದು ಮೇಲು” ಎಂದು, ನಮ್ಮ ಹಿಂದಿನ ಬೀದಿಯ ಮನೆಯೊಂದಕ್ಕೆ ಕರೆದುಕೊಂಡು ಹೋದೆ. ಆ ಮನೆಯ ಮಗನಿಗೆ ಡೌನ್ ಸಿಂಡ್ರೋಮ್, ವಯಸ್ಸು ಹತ್ತೊಂಬತ್ತು. ಕಾಫಿ ತಂದುಕೊಟ್ಟು, ಅವಳ ಊರು ಯಾವುದೆಂದು ಎರಡು ಸಲ ಕೇಳಿದ. ಅವನ ತಾಯಿ ಏನನ್ನೂ ಬಚ್ಚಿಡಲಿಲ್ಲ: ಎರಡನೆಯ ವರ್ಷದ ಹೃದಯದ ಶಸ್ತ್ರಚಿಕಿತ್ಸೆ, ತಡವಾಗಿ ಬಂದ ಮಾತು, ‘ಇಂಥವರಿಗೆ ಇಲ್ಲಿ ಜಾಗವಿಲ್ಲ’ವೆಂದ ಮೂರು ಶಾಲೆಗಳು. ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ ಇಂಥ ಮಕ್ಕಳ ಹಕ್ಕೆಂದು ಕಾಯಿದೆಯಲ್ಲಿ ಬರೆದಿದೆ ಎಂದೆ. ಆಕೆ ನಕ್ಕು, “ಆ ಕಾಯಿದೆ ನಮ್ಮ ಬೀದಿಗೆ ಬರಲಿಲ್ಲ ಮೇಷ್ಟ್ರೇ” ಎಂದರು.

ಹಿಂದಿರುಗುವಾಗ ನನ್ನ ವಿದ್ಯಾರ್ಥಿನಿ ಮಾತನಾಡಲಿಲ್ಲ. ಬಸ್ಸು ಹತ್ತುವಾಗ ಮಾತ್ರ, “ಆ ಅಮ್ಮನ ಫೋನ್ ನಂಬರು ತೆಗೆದುಕೊಂಡಿದ್ದೇನೆ ಸರ್” ಎಂದಳು. ಗರ್ಭಜಲದ ಪರೀಕ್ಷೆ ಮುಂದಿನ ಸೋಮವಾರಕ್ಕೆ ನಿಗದಿಯಾಗಿತ್ತು.