ಮುರಿದ ದವಡೆಗೆ ಪ್ಲೇಟೋ, ಸ್ಕ್ರೂವೋ?

ಕೈ ಮುರಿದವನಿಗೆ ಇನ್ನೊಂದು ಕೈಯಾದರೂ ಉಳಿದಿರುತ್ತದೆ. ದವಡೆ ಮುರಿದವನಿಗೆ ಊಟವೂ ಇಲ್ಲ, ಮಾತೂ ಇಲ್ಲ. ನರಗುಂದ ತಾಲ್ಲೂಕಿನ ಶಿರೋಳದಂತಹ ಊರಿನಲ್ಲಿ, ಜೋಳದ ರೊಟ್ಟಿಯನ್ನೇ ನಂಬಿದ ಮನೆಗಳಲ್ಲಿ, ಈ ಕಷ್ಟ ಇನ್ನೂ ದೊಡ್ಡದು. ಮೋಟಾರ್ ಸೈಕಲ್ಲಿನಿಂದ ಗದ್ದವೂರಿ ಬಿದ್ದವನನ್ನು ಅಲ್ಲಿಯವರು ಹುಬ್ಬಳ್ಳಿಗೋ, 1986ರಿಂದ ದಂತ ವೈದ್ಯಕೀಯ ಕಾಲೇಜನ್ನುಳ್ಳ ಧಾರವಾಡದ ಸತ್ತೂರಿಗೋ ಕರೆದೊಯ್ಯಬೇಕಾಗುತ್ತದೆ. ಅಲ್ಲಿ ಮನೆಯವರಿಗೆ ಹೊಸ ಸಂಶಯ ಹುಟ್ಟುತ್ತದೆ: ಪಕ್ಕದ ಹಾಸಿಗೆಯವನಿಗೆ ಎರಡು ಪ್ಲೇಟು ಹಾಕಿದರು, ನಮ್ಮವನಿಗೆ ಬರಿಯ ಎರಡು ತಿರುಪುಮೊಳೆಯೆ?

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಮುರಿತದ ಅಕ್ಕಪಕ್ಕದ ಹಲ್ಲುಗಳನ್ನು ಚಿನ್ನದ ತಂತಿಯಿಂದ ಕಟ್ಟುವ ಕ್ರಮ ಗ್ರೀಸಿನ ಹಿಪೊಕ್ರೆಟಿಸನ ಕಾಲದಲ್ಲಿಯೇ ಇತ್ತು. 1887ರಲ್ಲಿ ಅಮೆರಿಕದ ಗಿಲ್ಮರ್ ಎಂಬ ವೈದ್ಯರು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಬಾಯನ್ನು ಮುಚ್ಚುವ ವಿಧಾನವನ್ನು ವಿವರಿಸಿದರು. ಎಲುಬು ಕೂಡುತ್ತಿದ್ದುದೇನೋ ದಿಟ. ಆದರೆ ನಾಲ್ಕರಿಂದ ಆರು ವಾರ ಗಂಜಿಯನ್ನೇ ಹೀರಬೇಕು. ವಾಂತಿಯಾದರೆ ಉಸಿರಿಗೇ ಅಪಾಯವೆಂದು ತಂತಿ ಕತ್ತರಿಸುವ ಇಕ್ಕಳವನ್ನು ರೋಗಿಯ ತಲೆದೆಸೆಯಲ್ಲಿ ಇಡಬೇಕು! ಹೊಲದ ದುಡಿಮೆಯವನು ಅಷ್ಟರಲ್ಲಿ ಅರ್ಧಕ್ಕಿಳಿಯುತ್ತಿದ್ದ.

1970ರ ದಶಕದಲ್ಲಿ ಫ್ರಾನ್ಸಿನ ಮಿಷೆಲೆ, ಆ ಬಳಿಕ ಸ್ಟ್ರಾಸ್‌ಬರ್ಗಿನ ಷಾಂಪಿ, ಸಣ್ಣ ಪ್ಲೇಟುಗಳನ್ನು ಬಾಯೊಳಗಿನಿಂದಲೇ ಕೂರಿಸುವ ಮಾರ್ಗವನ್ನು ತೋರಿದರು. ಮುಖದ ಮೇಲೆ ಗಾಯದ ಗುರುತಿಲ್ಲ. ಅಗಿಯುವಾಗ ಕೆಳದವಡೆಯ ಮೇಲಂಚು ಬಿರಿಯಲು ನೋಡುತ್ತದೆ, ಕೆಳಂಚು ಒತ್ತಿಕೊಳ್ಳುತ್ತದೆ. ಬಿರಿಯುವೆಡೆಯಲ್ಲಿ ಹಿಡಿದರೆ ತೆಳುವಾದ ಪ್ಲೇಟೂ ಸಾಕೆಂಬುದು ಷಾಂಪಿಯ ಲೆಕ್ಕ. ದವಡೆಯ ಮೂಲೆಯಲ್ಲಿ ಎಷ್ಟೋ ಸಲ ಒಂದೇ ಪ್ಲೇಟು ಸಾಲುತ್ತದೆ. ಗದ್ದದಲ್ಲಿ ಎಲುಬು ತಿರುಚಿಕೊಳ್ಳುವುದರಿಂದ ಒಂದರ ಕೆಳಗೊಂದು ಎರಡು ಬೇಕು. ಪ್ರತಿಯೊಂದಕ್ಕೂ ಮುರಿತದ ಎರಡು ಬದಿಗೂ ಕನಿಷ್ಠ ಎರಡೆರಡು ಸ್ಕ್ರೂ.

ಬರಿಯ ಸ್ಕ್ರೂವಿನ ವಿಧಾನವನ್ನು ದವಡೆಗೆ ಅಳವಡಿಸಿ 1970ರಲ್ಲಿ ವರದಿ ಮಾಡಿದವರು ಬ್ರಾನ್ಸ್ ಮತ್ತು ಬೋರಿಂಗ್. ಇದರ ಮರ್ಮ ಬಡಗಿಗೆ ಬೇಗ ತಿಳಿದೀತು. ಈಚೆಯ ತುಂಡಿನಲ್ಲಿ ರಂಧ್ರ ಅಗಲ, ಸ್ಕ್ರೂ ಅಲ್ಲಿ ಸಲೀಸಾಗಿ ಜಾರುತ್ತದೆ. ಆಚೆಯ ತುಂಡಿನಲ್ಲಿ ಕಿರಿದು, ಅಲ್ಲಿ ಮಾತ್ರ ಮರೆ ಕಚ್ಚುತ್ತದೆ. ತಿರುಗಿಸಿದಂತೆಲ್ಲ ಆಚೆಯದು ಈಚೆಗೆ ಎಳೆದುಕೊಂಡು ಬಂದು ಬಿಗಿಯಾಗಿ ಅಂಟುತ್ತದೆ. ತುಂಡುಗಳು ತಿರುಗದಂತೆ ಇಂಥ ಎರಡು ಸ್ಕ್ರೂ ಹಾಕುತ್ತಾರೆ. ಲೋಹ ಕಡಿಮೆ, ವೆಚ್ಚವೂ ಕಡಿಮೆ, ಹಿಡಿತವೋ ಭದ್ರ. ಎರಡು ಮೊಳೆಯೆಂದು ಕೊರಗುವ ಮನೆಯವರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕು.

ಹಾಗಾದರೆ ಎಲ್ಲರಿಗೂ ಸ್ಕ್ರೂವೇ ಏಕಾಗದು? ಎಲುಬು ಓರೆಯಾಗಿ ಸೀಳಿರಬೇಕು, ಇಲ್ಲವೆ ಗದ್ದದ ಬಾಗಿನಲ್ಲಿ ಮುರಿದಿರಬೇಕು. ಆಗಲೇ ಅದಕ್ಕೆ ದಾರಿ. ಗುರಿ ತಪ್ಪಿದರೆ ಹಲ್ಲಿನ ಬೇರಿಗೋ, ತುಟಿಗೆ ಸ್ಪರ್ಶಜ್ಞಾನ ಕೊಡುವ ನರಕ್ಕೋ ಪೆಟ್ಟು. ಎಲುಬು ಚೂರುಚೂರಾಗಿದ್ದಲ್ಲಿ ಎಳೆದು ಬಿಗಿಯುವುದೇ ಕೇಡು. ಚೂರುಗಳು ಕುಸಿದು ದವಡೆಯ ಆಕಾರವೇ ಕೆಡುತ್ತದೆ. ಅಲ್ಲಿ ಪ್ಲೇಟೇ ಗತಿ, ಅದೂ ದಪ್ಪನೆಯದು. ಪ್ಲೇಟು ಕೈತಪ್ಪನ್ನು ಕೊಂಚ ಸಹಿಸುತ್ತದೆ; ಆದರೆ ಎಲುಬಿನ ಬಾಗಿಗೆ ಸರಿಯಾಗಿ ಬಗ್ಗಿಸದೆ ಸ್ಕ್ರೂ ಬಿಗಿದರೆ ಎಲುಬೇ ಜರುಗೀತು. ಆದಕಾರಣ ಯಾವುದನ್ನು ಹಾಕುವ ಮುನ್ನವೂ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಮೊದಲಿನಂತೆ ಕೂಡುವುದೇ ಎಂದು ನೋಡಿ, ಅಷ್ಟು ಹೊತ್ತು ತಂತಿಯಿಂದ ಹಿಡಿದಿಡುತ್ತಾರೆ. ಗಿಲ್ಮರರ ತಂತಿ ಇನ್ನೂ ಪೂರ್ತಿ ನಿವೃತ್ತಿಯಾಗಿಲ್ಲ!

ಬಾಯಿ ಬೇಗ ತೆರೆಯಿತೆಂದು ರೊಟ್ಟಿಗೆ ಕೈಹಾಕುವಂತಿಲ್ಲ. ನಾಲ್ಕಾರು ವಾರ ಮೆತ್ತಗೆ ಬೆಂದ ಅನ್ನ, ನುಚ್ಚು, ಅಂಬಲಿಗಳೇ ಆಹಾರ. ಬಾಯಿ ಶುಚಿಯಾಗಿರಬೇಕು, ಬೀಡಿ, ಗುಟ್ಕಾಗಳಿಂದ ಗಾಯ ಕೀವಾಗುವ ಸಂಭವ ಹೆಚ್ಚು. ತೊಂದರೆ ಕೊಡದ ಟೈಟಾನಿಯಂ ಪ್ಲೇಟನ್ನಾಗಲಿ ಸ್ಕ್ರೂವನ್ನಾಗಲಿ ಮತ್ತೆ ತೆಗೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಮಕ್ಕಳ ವಿಷಯ ಬೇರೆ. ಗದ್ದ ಒಡೆದುಕೊಂಡ ಮಗುವಿಗೆ ನಾಲ್ಕು ಹೊಲಿಗೆ ಹಾಕಿಸಿ ತಾಯಂದಿರು ನಿಶ್ಚಿಂತರಾಗುತ್ತಾರೆ. ಪೆಟ್ಟು ಕಿವಿಯ ಮುಂದಿನ ಕೀಲಿಗೆ ತಾಗಿರಬಹುದು. ಅದು ಗಮನಕ್ಕೆ ಬಾರದೆ ಹೋದರೆ ಕೀಲು ಬೆಸೆದುಕೊಂಡು ಬಾಯಿ ದಿನದಿನಕ್ಕೆ ಕಿರಿದಾದೀತು. ಆರಂಭದಲ್ಲೇ ತಿಳಿದರೆ ಹೆಚ್ಚಿನ ಮಕ್ಕಳಿಗೆ ಪ್ಲೇಟೂ ಬೇಡ, ಸ್ಕ್ರೂವೂ ಬೇಡ. ವೈದ್ಯರು ಹೇಳಿಕೊಟ್ಟಂತೆ ದಿನವೂ ಬಾಯಿ ತೆರೆದು ಮುಚ್ಚುವ ವ್ಯಾಯಾಮ ಸಾಕಾಗುತ್ತದೆ.